ಶಾಲೆಯ ಗಂಟೆಗೂ ಸಂಜೆಯ ಬಸ್ಸಿಗೂ ನಡುವೆ

ವಿದ್ಯಾರ್ಥಿನಿಲಯದಲ್ಲಿರತಕ್ಕ ಹುಡುಗನ ಹೊತ್ತಿಗೆ ಯಾರಾದರೊಬ್ಬ ಯಜಮಾನನಿರುತ್ತಾನೆ. ಆಟಕ್ಕೊಂದು ಗಂಟೆ, ಓದಿಗೊಂದು ಗಂಟೆ, ಊಟಕ್ಕೊಂದು ಗಂಟೆ. ಹಳ್ಳಿಯಿಂದ ದಿನವೂ ಹೋಗಿಬರುವ ಮಗುವಿನ ಪಾಡು ಬೇರೆ. ನಾಲ್ಕೂವರೆಗೆ ಶಾಲೆ ಬಿಟ್ಟಿತೆಂದರೆ ಮೇಷ್ಟರ ಅಧಿಕಾರ ಅಲ್ಲಿಗೆ ಮುಗಿಯಿತು. ತಾಯಿತಂದೆಯರು ಹೊಲದಿಂದಲೋ ಕೂಲಿಯಿಂದಲೋ ಮರಳುವ ತನಕ ಮನೆಯ ಅಧಿಕಾರ ಆರಂಭವಾಗದು. ಈ ಎರಡರ ನಡುವಣ ಹೊತ್ತು, ಗೋಮಾಳದಂತೆ, ಎಲ್ಲರದೂ ಆಗಿ ಯಾರದೂ ಅಲ್ಲದೆ ಉಳಿಯುತ್ತದೆ.

ಹಿಂದಿನವರು ಬಡ ವಿದ್ಯಾರ್ಥಿಯ ಶಾಲೆಯಾಚೆಯ ಬದುಕನ್ನು ಚಿಂತಿಸಿರಲಿಲ್ಲವೆಂದಲ್ಲ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂಬಂತೆ ಉಂಡು, ಯಾರದೋ ಜಗಲಿಯಲ್ಲಿ ಮಲಗಿ ಓದಿ ಮೇಲೆ ಬಂದವರ ಕಥೆಗಳು ನಮ್ಮ ಆತ್ಮಕಥನಗಳಲ್ಲಿ ಹೇರಳವಾಗಿವೆ. ಆ ವಾರಾನ್ನದ ಏರ್ಪಾಡು ಜಾತಿಯ ಹೊಸ್ತಿಲನ್ನು ದಾಟುತ್ತಿದ್ದುದು ಅಪರೂಪವೆಂಬುದನ್ನು ಮಾತ್ರ ಅದನ್ನು ಕೊಂಡಾಡುವವರು ಹೇಳಲು ಮರೆಯುತ್ತಾರೆ. ಅನಂತರದ ದಿನಗಳಲ್ಲಿ ಸರ್ಕಾರವು ಬಿಸಿಯೂಟವನ್ನೂ, 2013ರಿಂದ ಕ್ಷೀರಭಾಗ್ಯದ ಹಾಲನ್ನೂ, ರಿಯಾಯಿತಿಯ ಬಸ್ ಪಾಸನ್ನೂ, 2006–07ರಿಂದ ಹಲವು ವರ್ಷಗಳ ಕಾಲ ಎಂಟನೆಯ ತರಗತಿಯವರಿಗೆ ಸೈಕಲನ್ನೂ ಕೊಟ್ಟಿತು. ಹೊಟ್ಟೆಗೂ ದಾರಿಗೂ ಉಪಾಯವಾಯಿತು; ಹೊತ್ತಿಗೆ ಆಗಿರಲಿಲ್ಲ.

ಈ ಹೊತ್ತನ್ನು ವಹಿಸಿಕೊಳ್ಳಬಲ್ಲ ಸಂಸ್ಥೆಯೊಂದು ಊರೂರಿನಲ್ಲಿ ಮೊದಲೇ ಇತ್ತು, ಹೆಚ್ಚಿನ ಕಡೆ ಬೀಗ ಹಾಕಿಕೊಂಡು. ಪಂಚಾಯಿತಿಯ ಮನೆಗಂದಾಯದ ರಸೀತಿಯನ್ನು ಬಿಡಿಸಿ ನೋಡಿದರೆ ಆರೋಗ್ಯ ಕರ, ಶಿಕ್ಷಣ ಕರ, ಭಿಕ್ಷುಕರ ಕರಗಳ ಸಾಲಿನಲ್ಲಿ ಗ್ರಂಥಾಲಯ ಕರವೆಂದು ಶೇಕಡಾ 6 ಕಾಣುತ್ತದೆ. ಇದು 1965ರ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮದ ಫಲ. ತಾನು ಎಂದೂ ಕಾಲಿಡದ ಗ್ರಂಥಾಲಯಕ್ಕೆ ರೈತನು ವರ್ಷವರ್ಷವೂ ಕರ ತೆತ್ತಿದ್ದಾನೆ. 2019ರಲ್ಲಿ ಗ್ರಾಮಗಳ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ವಶಕ್ಕೆ ಬಂದುವು. ಮರುವರ್ಷ ಮಹಾಮಾರಿಯು ಶಾಲೆಗಳ ಬಾಗಿಲು ಮುಚ್ಚಿಸಿದಾಗ, ನವೆಂಬರ್ ತಿಂಗಳ ಮಕ್ಕಳ ದಿನದಂದು ‘ಓದುವ ಬೆಳಕು’ ಎಂಬ ಕಾರ್ಯಕ್ರಮ ಹೊರಟಿತು. 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತವಾಯಿತು. ಈಗ ಅವಕ್ಕೆ ‘ಅರಿವು ಕೇಂದ್ರ’ವೆಂದು ಹೆಸರು. ನಮ್ಮಲ್ಲಿ ಹೆಸರು ಬದಲಾದಾಗಲೆಲ್ಲ ಬದಲಾಗುವುದು ಫಲಕವೊಂದೇ ಎಂದು ನಂಬಿದ್ದ ನಾನು, ಅರ್ಧ ಅನುಮಾನದಿಂದಲೇ ಹಾಸನದ ಕಡೆಯ ಒಂದು ಕೇಂದ್ರವನ್ನು ನೋಡಲು ಹೋದೆ.

ಆಷಾಢದ ಸಂಜೆ, ಜಿಟಿಜಿಟಿ ಮಳೆ. ಪಂಚಾಯಿತಿ ಕಚೇರಿಯ ಮಗ್ಗುಲಿನ ಎರಡು ಕೋಣೆಗಳ ಹೊರಗೆ ಕೆಸರು ಮೆತ್ತಿದ ಚಪ್ಪಲಿಗಳು ರಾಶಿಬಿದ್ದಿದ್ದುವು. ಒಳಗೆ, ಜಮಖಾನದ ಮೇಲೆ, ಹತ್ತಿರ ಹತ್ತಿರ ಇಪ್ಪತ್ತು ಮಕ್ಕಳು. ಕೆಲವರು ಮನೆಪಾಠವನ್ನು ಬರೆಯುತ್ತಿದ್ದರು, ಇಬ್ಬರು ಹಳೆಯ ದಿನಪತ್ರಿಕೆಯ ಪದಬಂಧಕ್ಕೆ ಒಂದೇ ಪೆನ್ಸಿಲಿನಿಂದ ಜಗಳವಾಡುತ್ತಿದ್ದರು. ಏಳನೆಯ ತರಗತಿಯ ಹುಡುಗಿಯೊಬ್ಬಳು ನಾಲ್ಕು ವರ್ಷದ ತಮ್ಮನನ್ನು ಕರೆತಂದಿದ್ದಳು. ತಮ್ಮನನ್ನು ನೋಡಿಕೊಳ್ಳುವುದು ಅವಳ ಸಂಜೆಯ ಕೆಲಸವಾದ್ದರಿಂದ, ಅವನಿಗೆ ಪ್ರವೇಶವಿಲ್ಲವೆಂದರೆ ಅವಳಿಗೂ ಇಲ್ಲವೆಂದೇ ಅರ್ಥ. ಮಕ್ಕಳು ‘ಲೈಬ್ರರಿ ಮಿಸ್ಸು’ ಎಂದು ಕರೆಯುವ ಮೇಲ್ವಿಚಾರಕಿಯು ಯಾವ ನಿಯಮವನ್ನೂ ಉದ್ಧರಿಸದೆ ಅವನ ಮುಂದೆ ಚೌಕಾಬಾರದ ಮನೆಯನ್ನೂ ಒಂದು ಹಿಡಿ ಹುಣಿಸೆಬೀಜವನ್ನೂ ಇಟ್ಟು ತಮ್ಮ ಕೆಲಸಕ್ಕೆ ಮರಳಿದರು. ಅಕ್ಕ ಕಥೆಪುಸ್ತಕವನ್ನು ತೆರೆದಳು.

ನನ್ನ ಕಣ್ಣು ನಿಂತುದು ಹಾಜರಿ ಪುಸ್ತಕದ ಮೇಲೆ. ‘ಬಂದ ವೇಳೆ’ಯ ಅಂಕಣದಲ್ಲಿ ಮಕ್ಕಳು ಬಂದಂತೆಲ್ಲ ಬೇರೆ ಬೇರೆ ನಿಮಿಷಗಳು, ‘ಹೋದ ವೇಳೆ’ಯ ಅಂಕಣದಲ್ಲಿ ಹಾಳೆಯುದ್ದಕ್ಕೂ ಆರು ಹತ್ತು, ಆರು ಹತ್ತು. ಕಾರಣ ಕೇಳಿದೆ. “ಆರೂಕಾಲಿಗೆ ಬಸ್ಸು ಸಾರ್, ಇವರೆಲ್ಲ ಪಕ್ಕದ ಹಳ್ಳಿಗಳವರು” ಎಂದರು ಮೇಲ್ವಿಚಾರಕಿ. ಮೊದಲು ಆ ಒಂದೂಮುಕ್ಕಾಲು ಗಂಟೆ ಎಲ್ಲಿರುತ್ತಿದ್ದರು? “ಅಲ್ಲೇ, ಸ್ಟ್ಯಾಂಡಲ್ಲಿ. ಹೆಣ್ಣುಮಕ್ಕಳು ಬೇಕರಿ ಗೋಡೆಗೆ ಒರಗಿಕೊಂಡು.”

ಗ್ರಂಥಾಲಯಶಾಸ್ತ್ರದ ಆಚಾರ್ಯರಾದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ, ಓದುಗನ ವೇಳೆಯನ್ನು ಉಳಿಸಬೇಕೆಂಬುದೂ ಒಂದು. ಅದೇ ವರ್ಷ ಮನ್ನಾರ್ಗುಡಿಯ ಕಡೆ ಎತ್ತಿನ ಗಾಡಿಯಲ್ಲಿ ಪುಸ್ತಕಗಳನ್ನು ಹಳ್ಳಿಗಳಿಗೆ ಒಯ್ಯುವ ಪ್ರಯತ್ನದಲ್ಲಿಯೂ ಅವರ ಕೈಯಿತ್ತು. ಕೊನೆಯ ದಿನಗಳನ್ನು ಬೆಂಗಳೂರಿನಲ್ಲಿ ಕಳೆದು 1972ರಲ್ಲಿ ತೀರಿಕೊಂಡ ಆ ಹಿರಿಯರು ಈ ಹಾಜರಿ ಪುಸ್ತಕವನ್ನು ನೋಡಿದ್ದರೆ ತಮ್ಮ ಸೂತ್ರಕ್ಕೆ ಇನ್ನೊಂದು ಅರ್ಥವನ್ನು ಕೂಡಿಸುತ್ತಿದ್ದರೋ ಏನೋ.

ಆದರೆ ಆ ಬಸ್ಸೇ ಸಂಸ್ಥೆಯ ಕೊರತೆಯನ್ನೂ ಹೇಳುತ್ತದೆ. ರಾಜ್ಯದಲ್ಲಿ ಗ್ರಾಮ ಪಂಚಾಯಿತಿಗಳು 5,900ಕ್ಕೂ ಮಿಕ್ಕಿವೆ, ನಿಜ. ಒಂದೊಂದು ಪಂಚಾಯಿತಿಗೂ ಸೇರಿದ ಹಳ್ಳಿಗಳು ಅನೇಕ. ಕೇಂದ್ರವಿರುವುದು ಕಚೇರಿಯಿರುವ ಊರಿನಲ್ಲಿ. ಶಾಲೆಯಿರುವ ದಿನ ಬಸ್ಸಿನ ನೆವದಿಂದ ಇಲ್ಲಿ ಕೂರುವ ಮಗು ಭಾನುವಾರವೂ ದಸರಾ ರಜೆಯಲ್ಲಿಯೂ ತನ್ನ ಊರಿನಲ್ಲಿ ಪುಸ್ತಕವಿಲ್ಲದೆ ಇರಬೇಕು. ಗಣಕಯಂತ್ರಕ್ಕೂ ಗೋಡೆಯ ಚಿತ್ರಕ್ಕೂ ಹಣ ಒದಗಿಸುವವರು, ಹತ್ತು ಪುಸ್ತಕಗಳ ಒಂದು ತಗಡಿನ ಪೆಟ್ಟಿಗೆಯನ್ನು ಪಕ್ಕದ ಹಳ್ಳಿಯ ಅಂಗನವಾಡಿಗೆ ಕಳುಹಿಸುವ ಯೋಚನೆಯನ್ನು ಏಕೆ ಮಾಡಬಾರದೆಂದು ನನಗೆ ತೋರುತ್ತದೆ; ಎತ್ತಿನ ಗಾಡಿಯೂ ಅದಕ್ಕೆ ಬೇಕಿಲ್ಲ.

ಆರು ಹತ್ತಕ್ಕೆ ಯಾರೂ ಹೇಳದೆಯೇ ಮಕ್ಕಳು ಎದ್ದರು. ಅಕ್ಕ ಪುಸ್ತಕದ ಪುಟಕ್ಕೆ ಬಸ್ಸಿನ ಹಳೆಯ ಟಿಕೆಟನ್ನು ಗುರುತಾಗಿಟ್ಟು ಅಲ್ಮೆರಾಕ್ಕೆ ಸೇರಿಸಿದಳು. ತಮ್ಮ ಎರಡು ಹುಣಿಸೆಬೀಜಗಳನ್ನು ಅಂಗಿಯ ಜೇಬಿಗೆ ಹಾಕಿಕೊಂಡುದನ್ನು ಲೈಬ್ರರಿ ಮಿಸ್ಸು ನೋಡಿಯೂ ನೋಡದಂತಿದ್ದರು. ಕೆರೆಯ ಏರಿಯ ಮೇಲೆ ಬಸ್ಸಿನ ಹಾರನ್ ಕೇಳಿಸಿತು.