ಭಿನ್ನರಾಶಿ ಮೊದಲು ಕೈಗೆ ದಕ್ಕಲಿ

ಐದನೇ ತರಗತಿಯ ಮಕ್ಕಳ ಮುಂದೆ 1/3 ಮತ್ತು 1/4 ಎಂದು ಬರೆದು, ಇವೆರಡರಲ್ಲಿ ಯಾವುದು ದೊಡ್ಡದೆಂದು ಕೇಳಿ ನೋಡಿ. ಬಹಳಷ್ಟು ಕೈಗಳು 1/4ರ ಪರವಾಗಿ ಮೇಲೇಳುತ್ತವೆ. ಮೂರಕ್ಕಿಂತ ನಾಲ್ಕು ದೊಡ್ಡದಲ್ಲವೇ ಎಂಬುದು ಅವರ ತರ್ಕ. ಅದೇ ಮಕ್ಕಳನ್ನು, ಒಂದು ಕಡಲೆಮಿಠಾಯಿಯನ್ನು ಮೂವರು ಹಂಚಿಕೊಂಡರೆ ಹೆಚ್ಚು ಸಿಗುತ್ತದೆಯೋ, ನಾಲ್ವರು ಹಂಚಿಕೊಂಡರೆ ಹೆಚ್ಚು ಸಿಗುತ್ತದೆಯೋ ಎಂದು ಕೇಳಿದರೆ ಯಾರೂ ತಡವರಿಸುವುದಿಲ್ಲ. ಬದುಕಿನಲ್ಲಿ ತಿಳಿದದ್ದು ಹಲಗೆಯ ಮೇಲೆ ಏಕೆ ತಿಳಿಯದಾಗುತ್ತದೆ?

ಮೂರು ದಶಕ ಗಣಿತ ಬೋಧಿಸಿ ನಿವೃತ್ತನಾದ ನಾನು ಈಗ ವಾರಕ್ಕೊಮ್ಮೆ ಮನೆಯ ಸಮೀಪದ ಸರ್ಕಾರಿ ಶಾಲೆಯೊಂದಕ್ಕೆ ಹೋಗಿ ಮಕ್ಕಳೊಡನೆ ಕೂರುತ್ತೇನೆ. ಪ್ರೌಢಶಾಲೆಯಲ್ಲಿ ಬೀಜಗಣಿತ ಕಂಡರೆ ಬೆದರುತ್ತಿದ್ದ ವಿದ್ಯಾರ್ಥಿಗಳ ಕಷ್ಟದ ಬೇರು ಐದನೇ ತರಗತಿಯ ಭಿನ್ನರಾಶಿಯಲ್ಲಿರುವುದನ್ನು ಎಷ್ಟೋ ಬಾರಿ ಕಂಡಿದ್ದೇನೆ. ಶೇಕಡಾವಾರು, ಬಡ್ಡಿ, ಅನುಪಾತ, ಸಂಭವನೀಯತೆ ಎಲ್ಲವೂ ನಿಂತಿರುವುದು ಇದೇ ಬುನಾದಿಯ ಮೇಲೆ.

ಇದು ನಮ್ಮ ಮಕ್ಕಳ ತೊಡಕು ಮಾತ್ರವಲ್ಲ. ಅಮೆರಿಕದ ರಾಷ್ಟ್ರೀಯ ಕಲಿಕಾ ಸಮೀಕ್ಷೆಯಲ್ಲಿ 1978ರಲ್ಲಿ 13 ವರ್ಷದ ಮಕ್ಕಳಿಗೆ ಒಂದು ಪ್ರಶ್ನೆ ಕೇಳಲಾಯಿತು: 12/13 ಮತ್ತು 7/8ನ್ನು ಕೂಡಿದರೆ ಅಂದಾಜು ಎಷ್ಟು? ಎರಡೂ ಒಂದಕ್ಕೆ ಸಮೀಪವಿರುವುದರಿಂದ ಉತ್ತರ 2. ಹಾಗೆಂದವರು ಶೇ 24ರಷ್ಟು ಮಾತ್ರ. ಅರ್ಧಕ್ಕಿಂತ ಹೆಚ್ಚು ಮಂದಿ ಮೇಲಿನ ಅಥವಾ ಕೆಳಗಿನ ಅಂಕಿಗಳನ್ನು ಕೂಡಿ 19 ಅಥವಾ 21 ಎಂದರು. ರಾಬರ್ಟ್ ಸೀಗ್ಲರ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನವು ಅಮೆರಿಕ ಮತ್ತು ಬ್ರಿಟನ್ನಿನ ಮಕ್ಕಳನ್ನು ವರ್ಷಗಳ ಅಂತರದಲ್ಲಿ ಹೋಲಿಸಿ ನೋಡಿತು. ಹತ್ತು–ಹನ್ನೆರಡರ ವಯಸ್ಸಿನಲ್ಲಿ ಭಿನ್ನರಾಶಿ ಮತ್ತು ಭಾಗಾಕಾರದಲ್ಲಿದ್ದ ಹಿಡಿತವು ಪ್ರೌಢಶಾಲೆಯ ಗಣಿತ ಸಾಧನೆಯನ್ನು ಮುನ್ಸೂಚಿಸುತ್ತದೆ. ಕುಟುಂಬದ ಆದಾಯ, ಮಗುವಿನ ಬುದ್ಧಿಮತ್ತೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಈ ನಂಟು ಉಳಿಯುತ್ತದೆ ಎಂಬುದು ಅದರ ನಿಷ್ಕರ್ಷೆ.

ವಿಪರ್ಯಾಸವೆಂದರೆ, ಈ ವಿಷಯ ನಮ್ಮ ನೆಲಕ್ಕೆ ಹೊಸದೇನೂ ಅಲ್ಲ. ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಭಿನ್ನರಾಶಿಗಳನ್ನು ವಿಸ್ತಾರವಾಗಿ ವಿವೇಚಿಸಿದ್ದರು. ಅರೆ, ಕಾಲು, ಮುಕ್ಕಾಲು, ಅರೆಕಾಲು, ವೀಸ ಎಂದು ಕನ್ನಡ ಮನೆಮಾತಿನಲ್ಲೇ ಭಿನ್ನರಾಶಿಗಳಿಗೆ ಹೆಸರುಗಳಿವೆ. ಅಂಗಡಿಯಿಂದ ಕಾಲು ಕೆ.ಜಿ. ಬೇಳೆ ತರುವ ಹುಡುಗಿಗೆ, ಒಂದೂವರೆ ಗಂಟೆ ಆಟವಾಡಿ ಬರುವ ಹುಡುಗನಿಗೆ ಇವು ಅಪರಿಚಿತವಲ್ಲ. ಆದರೆ ತರಗತಿಯಲ್ಲಿ ‘ಅಂಶ’, ‘ಛೇದ’, ‘ಲ.ಸಾ.ಅ.’ಗಳು ಬಂದ ಕೂಡಲೇ ಮುಕ್ಕಾಲಿಗೂ 3/4ಕ್ಕೂ ಇರುವ ನಂಟು ಕಡಿದುಹೋಗುತ್ತದೆ.

ಈ ನಂಟನ್ನು ಮತ್ತೆ ಬೆಸೆಯಲು ಹಳೆಯ ಕಾಗದ ಸಾಕು. ಒಂದೇ ಉದ್ದದ ಪಟ್ಟಿಗಳನ್ನು ಪ್ರತಿ ಮಗುವಿಗೂ ಕೊಡಬೇಕು. ಒಂದನ್ನು ಎರಡಾಗಿ, ಇನ್ನೊಂದನ್ನು ಮೂರಾಗಿ, ಮತ್ತೊಂದನ್ನು ಆರಾಗಿ ಮಡಿಸಲಿ. 1/2 ಮತ್ತು 1/3ನ್ನು ಕೂಡಲು ಹೇಳಿದರೆ ಅನೇಕರು ಮೇಲಿನದನ್ನು ಮೇಲಕ್ಕೆ, ಕೆಳಗಿನದನ್ನು ಕೆಳಕ್ಕೆ ಕೂಡಿ 2/5 ಎನ್ನುತ್ತಾರೆ. ತಪ್ಪೆಂದು ಗೀಟೆಳೆಯುವ ಬದಲು ಐದಾಗಿ ಮಡಿಸಿದ ಪಟ್ಟಿಯನ್ನು ಪಕ್ಕದಲ್ಲಿಡಿ. ಅದರ ಎರಡು ಭಾಗ ಅರ್ಧಕ್ಕಿಂತಲೂ ಕಡಿಮೆ! ಇದನ್ನು ಕಂಡ ಹುಡುಗಿಯೊಬ್ಬಳು, ‘ಸಾರ್, ಕೂಡಿದ ಮೇಲೆ ಕಮ್ಮಿ ಹೇಗಾಗುತ್ತೆ?’ ಎಂದು ತನ್ನ ಉತ್ತರವನ್ನೇ ಪ್ರಶ್ನಿಸಿದಳು. ಆನಂತರ ಆರರ ಪಟ್ಟಿಯಲ್ಲಿ ಅರ್ಧವೆಂದರೆ ಮೂರು ಮನೆ, ಮೂರನೇ ಒಂದೆಂದರೆ ಎರಡು ಮನೆ, ಒಟ್ಟು 5/6 ಎಂಬುದನ್ನು ಅವಳೇ ಪತ್ತೆಹಚ್ಚಿದಳು. ಸಮಚ್ಛೇದ ಏಕೆ ಬೇಕೆಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನ ಬಳಿ ಇಲ್ಲ.

ಗುಣಾಕಾರಕ್ಕೆ ಚೌಕಾಕಾರದ ಹಾಳೆ ಬೇಕು. ಅದನ್ನು ಉದ್ದಕ್ಕೆ ಮೂರಾಗಿ, ಅಡ್ಡಕ್ಕೆ ಎರಡಾಗಿ ಮಡಿಸಿ ಬಿಡಿಸಿದರೆ ಆರು ಮನೆಗಳು. ಮೂರನೇ ಒಂದರ ಅರ್ಧ 1/6 ಎಂಬುದು ಕಣ್ಣೆದುರಿಗೇ ಇರುತ್ತದೆ. ಗುಣಿಸಿದರೆ ಸಂಖ್ಯೆ ಚಿಕ್ಕದಾಗಲೂಬಹುದೆಂಬ ಅಚ್ಚರಿ ಅರ್ಥವಾಗುತ್ತದೆ. ಭಾಗಾಕಾರದಲ್ಲಿ ‘ತಿರುಗಿಸಿ ಗುಣಿಸು’ ಎಂಬ ಮಂತ್ರವನ್ನು ಬಾಯಿಪಾಠ ಮಾಡಿಸುತ್ತೇವೆ. ಮೂರು ಲೀಟರ್ ನೀರನ್ನು ಕಾಲು ಲೀಟರಿನ ಅಳತೆಯಿಂದ ಎಷ್ಟು ಸಲ ತೋಡಬಹುದೆಂದು ಮಕ್ಕಳೇ ತೋಡಿ ನೋಡಲಿ. ಲೀಟರಿಗೆ ನಾಲ್ಕರಂತೆ ಹನ್ನೆರಡು ಸಲ. 3 ÷ 1/4 ಎಂಬುದು 3 × 4 ಆದ ಕಾರಣ ಆಗ ತಾನಾಗಿ ತಿಳಿಯುತ್ತದೆ.

ಹಂಚುವ ಆಟವೂ ಅಷ್ಟೇ ಫಲಪ್ರದ. ಮೂರು ರೊಟ್ಟಿಗಳನ್ನು ನಾಲ್ವರಿಗೆ, ನಾಲ್ಕು ರೊಟ್ಟಿಗಳನ್ನು ಐವರಿಗೆ ಸಮವಾಗಿ ಹಂಚಿದರೆ ಯಾವ ಗುಂಪಿನವರಿಗೆ ಹೆಚ್ಚು ಸಿಕ್ಕೀತು? ಮೊದಲ ಗುಂಪಿನವನಿಗೆ ಇಡೀ ರೊಟ್ಟಿಗೆ ಕಾಲು ಕಡಿಮೆ, ಎರಡನೆಯವನಿಗೆ ಐದನೇ ಒಂದು ಮಾತ್ರ ಕಡಿಮೆ. ಹಾಗಾಗಿ 4/5 ದೊಡ್ಡದು ಎಂದು ಲ.ಸಾ.ಅ. ಇಲ್ಲದೆಯೇ ವಾದಿಸುವ ಮಕ್ಕಳನ್ನು ನೋಡಿದ್ದೇನೆ.

ಆದರೆ ಚಟುವಟಿಕೆ ಎಂದೊಡನೆ ಎಲ್ಲವೂ ಸರಿಹೋಗುವುದಿಲ್ಲ. ಹಾಳೆ ಮಡಿಸಿ, ಬಣ್ಣ ಬಳಿದು, ಗಂಟೆ ಬಾರಿಸಿದೊಡನೆ ಎದ್ದುಹೋದರೆ ಅದು ಕರಕುಶಲ ತರಗತಿಯಾದೀತು. ಮಡಿಸಿದ್ದನ್ನು ಮಗು ತನ್ನ ಮಾತಿನಲ್ಲಿ ಹೇಳಬೇಕು, ಚಿತ್ರವಾಗಿ ಬರೆಯಬೇಕು, ಕೊನೆಗೆ ಅಂಕಿಗೆ ಇಳಿಸಬೇಕು. ಯಾವುದರ ಅರ್ಧ ಎಂಬ ಪ್ರಶ್ನೆಯನ್ನು ಶಿಕ್ಷಕರು ಬಿಡದೆ ಕೇಳುತ್ತಿರಬೇಕು, ಏಕೆಂದರೆ ಚಿಕ್ಕ ರೊಟ್ಟಿಯ ಅರ್ಧವೂ ದೊಡ್ಡ ರೊಟ್ಟಿಯ ಅರ್ಧವೂ ಒಂದೇ ಅಲ್ಲ. ತುಂಡುಗಳ ಲೋಕದಲ್ಲೇ ಉಳಿದರೆ 5/4 ಎಂಬುದು ಒಗಟಾಗುತ್ತದೆ. ನಾಲ್ಕು ತುಂಡುಗಳಲ್ಲಿ ಐದನ್ನು ತೆಗೆಯುವುದು ಹೇಗೆ? ಆದ್ದರಿಂದ ತರಗತಿಯ ಉದ್ದಕ್ಕೂ ಹಗ್ಗ ಕಟ್ಟಿ, ಒಂದು ತುದಿಗೆ 0, ಇನ್ನೊಂದಕ್ಕೆ 2 ಎಂದು ಗುರುತಿಸಿ, ಭಿನ್ನರಾಶಿಯ ಚೀಟಿಗಳನ್ನು ಬಟ್ಟೆಯ ಕ್ಲಿಪ್ಪಿನಿಂದ ಸಿಕ್ಕಿಸಲು ಹೇಳಬೇಕು. ಒಂದನ್ನು ದಾಟಿ ತುಸು ಮುಂದೆ 5/4ಕ್ಕೂ ಜಾಗ ದೊರೆತಾಗ, ಭಿನ್ನರಾಶಿಯೂ ಒಂದು ಸಂಖ್ಯೆಯೇ ಎಂಬ ಅರಿವು ಮೂಡುತ್ತದೆ.

‘ಇಷ್ಟಕ್ಕೆಲ್ಲ ಸಮಯವೆಲ್ಲಿದೆ, ಪಾಠ ಮುಗಿಸಬೇಡವೇ?’ ಎಂಬ ಶಿಕ್ಷಕರ ಆಕ್ಷೇಪ ಹುಸಿಯಲ್ಲ. ಪಾಠದ ಜೊತೆಗೆ ಹತ್ತಾರು ದಾಖಲೆಗಳ ಹೊರೆಯೂ ಅವರ ಮೇಲಿದೆ. ಆದರೂ ಐದನೇ ತರಗತಿಯಲ್ಲಿ ಉಳಿಸಿದ ಎರಡು ವಾರಗಳಿಗಾಗಿ ಎಂಟನೇ ತರಗತಿಯಲ್ಲಿ ಎರಡು ತಿಂಗಳು ತೆರಬೇಕಾಗುತ್ತದೆಂಬುದು ನನ್ನ ಅನುಭವ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ‘ನಲಿ–ಕಲಿ’ ಚಟುವಟಿಕೆಯ ಕಲಿಕೆಗೆ ದಾರಿ ತೋರಿತು. ಅಕ್ಷರ ಫೌಂಡೇಷನ್ ಸರ್ಕಾರದ ಜೊತೆಗೂಡಿ ನಡೆಸಿದ ‘ಗಣಿತ ಕಲಿಕಾ ಆಂದೋಲನ’ ಶಾಲೆಗಳಿಗೆ ಗಣಿತದ ಕಿಟ್‌ಗಳನ್ನು ತಲುಪಿಸಿತು. ಹೀಗೆ ಬಂದ ಸಾಮಗ್ರಿ, ಕಳೆದುಹೋದೀತೆಂಬ ಭಯದಿಂದ ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕೂರಬಾರದು. ಸವೆದು ಹರಿದ ಪಟ್ಟಿ ಬಳಕೆಯಾದುದಕ್ಕೆ ಸಾಕ್ಷಿಯೆಂದು ತಪಾಸಣೆಗೆ ಬರುವ ಅಧಿಕಾರಿಗಳು ಭಾವಿಸಿದರೆ ಶಿಕ್ಷಕರಿಗೂ ಧೈರ್ಯ ಬರುತ್ತದೆ. ಪರೀಕ್ಷೆಯಲ್ಲಿಯೂ ‘ಕೂಡಿರಿ’ ಎಂಬುದರ ಜೊತೆಗೆ ‘ಈ ಉತ್ತರ ಏಕೆ ಸಾಧ್ಯವಿಲ್ಲ?’ ಎಂಬ ಪ್ರಶ್ನೆಗೆ ಜಾಗ ಸಿಗಲಿ.

ಪೋಷಕರ ಪಾಲೂ ಇದರಲ್ಲಿದೆ. ಟ್ಯೂಷನ್‌ಗೆ ಕಳುಹಿಸುವ ಮುನ್ನ ಮಗುವನ್ನು ಅಡುಗೆಮನೆಗೆ ಕರೆಯಿರಿ. ನಾಲ್ವರಿಗೆ ಒಂದು ಲೋಟ ರವೆಯ ಉಪ್ಪಿಟ್ಟಾದರೆ ಆರು ಮಂದಿಗೆ ಎಷ್ಟು ರವೆ ಬೇಕೆಂದು ಕೇಳಿ, ಉತ್ತರವನ್ನು ಅದರ ಕೈಯಿಂದಲೇ ಅಳೆಸಿರಿ.