ಹಸುಗೂಸಿನ ಹೃದಯ ಮತ್ತು ನರ್ಸಮ್ಮನ ಪಾಳಿ

ರಬಕವಿಯ ಒಬ್ಬ ನೇಕಾರರ ಮನೆಯ ಹೆಣ್ಣುಮಗಳಿಗೆ ಹೆರಿಗೆ ಆಯ್ತು ಅಂದ್ಕೊಳ್ಳಿ. ಮಗು ಚೆನ್ನಾಗಿ ಅತ್ತಿತು, ಹಾಲು ಕುಡೀತು. ಎರಡನೇ ದಿನಕ್ಕೆ ಮನೆಗೆ ಕಳಿಸಿದ್ರು. ನಾಲ್ಕನೇ ದಿನ ಮಗು ಮೊಲೆ ಹಿಡೀಲಿಲ್ಲ, ಏದುಸಿರು ಶುರುವಾಯ್ತು, ತುಟಿ ನೀಲಿಗಟ್ಟಿತು. ಆಸ್ಪತ್ರೆ ಮುಟ್ಟೋದ್ರೊಳಗೆ ಎಲ್ಲ ಮುಗಿದಿತ್ತು. ಊರವರು ಏನಂತಾರೆ? ದೃಷ್ಟಿ ತಾಗಿತು, ಬಸುರಿ ಗ್ರಹಣ ನೋಡಿದ್ಳು! ಪಾಪ, ಆ ತಾಯಿಗೆ ಮಗು ಹೋದ ನೋವಿನ ಮೇಲೆ ಅಪವಾದ ಬೇರೆ.

ನಡೆದದ್ದು ಏನು? ಹೇಳ್ತೀನಿ ಕೇಳಿ. ಗರ್ಭದಲ್ಲಿರುವ ಮಗು ಶ್ವಾಸಕೋಶದಿಂದ ಉಸಿರಾಡೋದಿಲ್ಲ. ಹಾಗಾಗಿ ಶ್ವಾಸಕೋಶಕ್ಕೆ ಹೋಗುವ ರಕ್ತನಾಳಕ್ಕೂ ಮೈಗೆಲ್ಲ ರಕ್ತ ಒಯ್ಯುವ ಮಹಾಪಧಮನಿಗೂ ನಡುವೆ ಒಂದು ಬೈಪಾಸ್ ನಾಳ ಇರುತ್ತದೆ. ಹುಟ್ಟಿದ ಎರಡು ಮೂರು ದಿನಗಳಲ್ಲಿ ಅದು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಹೃದಯ ಸರಿಯಿದ್ದ ಮಗುವಿಗೆ ಚಿಂತೆಯಿಲ್ಲ. ಆದರೆ ಕೆಲವು ಮಕ್ಕಳ ಹೃದಯ ರಚನೆಯಲ್ಲೇ ದೋಷವಿದ್ದು, ಆ ಬೈಪಾಸ್ ಮೇಲೆಯೇ ಜೀವ ನಿಂತಿರುತ್ತದೆ. ಅದು ಮುಚ್ಚಿದ ದಿನ ಮಗು ಕುಸಿಯುತ್ತದೆ. ಸಾವಿರ ಮಕ್ಕಳಲ್ಲಿ ಎಂಟೊಂಬತ್ತು ಮಕ್ಕಳಿಗೆ ಹುಟ್ಟು ಹೃದಯದೋಷ ಇರುತ್ತದೆ. ಅವರಲ್ಲಿ ಸುಮಾರು ಕಾಲುಭಾಗ ಇಂಥ ಗಂಭೀರ ಸ್ಥಿತಿಯವರು.

ಚಿಕಿತ್ಸೆ ಇಲ್ಲವೇ? ಇದೆ. ನಮ್ಮ ದಕ್ಷಿಣ ಕನ್ನಡದ ಡಾ. ದೇವಿ ಶೆಟ್ಟಿ 1992ರಲ್ಲೇ ಕೋಲ್ಕತ್ತದಲ್ಲಿ ಹಸುಗೂಸಿನ ಹೃದಯ ಶಸ್ತ್ರಚಿಕಿತ್ಸೆ ಮಾಡಿದ್ದರು. ಪ್ರೊಸ್ಟಾಗ್ಲಾಂಡಿನ್ ಎಂಬ ಔಷಧವನ್ನು ಡ್ರಿಪ್‌ನಲ್ಲಿ ಕೊಟ್ಟರೆ ಆ ಬೈಪಾಸ್ ತೆರೆದೇ ಇರುತ್ತದೆ, ದೊಡ್ಡ ಆಸ್ಪತ್ರೆ ಮುಟ್ಟುವಷ್ಟು ಸಮಯ ಸಿಗುತ್ತದೆ. ಆದರೆ ರಬಕವಿಯಿಂದ ಬೆಂಗಳೂರು 500 ಕಿಲೋಮೀಟರ್‌ಗೂ ಮೇಲೆ. ಆ ಔಷಧದಿಂದ ಕೂಸಿನ ಉಸಿರು ನಡುವೆ ನಿಲ್ಲಲೂಬಹುದು, ಪಳಗಿದ ನರ್ಸ್ ಜೊತೆಗಿರಲೇಬೇಕು. ಇದಕ್ಕೆಲ್ಲ ಮೊದಲು ದೋಷ ಗೊತ್ತಾಗಬೇಕಲ್ಲ!

ಗೊತ್ತುಮಾಡೋದು ಸುಲಭ. ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂದಿತ್ತಲ್ಲ, ಪಲ್ಸ್ ಆಕ್ಸಿಮೀಟರ್, ಅದರಲ್ಲೇ ಹಸುಗೂಸಿಗೆ ಹೊಂದುವ ಪಟ್ಟಿಯದು ಇದೆ. ಹುಟ್ಟಿ 24 ಗಂಟೆ ಆದ ಮೇಲೆ ಬಲಗೈಗೆ ಒಮ್ಮೆ, ಕಾಲಿಗೆ ಒಮ್ಮೆ ಹಚ್ಚಬೇಕು. ಎರಡೂ ಕಡೆ 95 ಅಥವಾ ಹೆಚ್ಚು, ವ್ಯತ್ಯಾಸ 3ರೊಳಗೆ ಇದ್ದರೆ ಸರಿ. 90ಕ್ಕಿಂತ ಕಡಿಮೆಯಿದ್ದರೆ ತಕ್ಷಣ ಡಾಕ್ಟರ್. ನಡುವೆ ಇದ್ದರೆ ಒಂದು ಗಂಟೆ ಬಿಟ್ಟು ಮತ್ತೊಮ್ಮೆ. ಅಮೆರಿಕ 2011ರಲ್ಲೇ ಇದನ್ನು ಎಲ್ಲ ಕೂಸುಗಳಿಗೂ ಶಿಫಾರಸು ಮಾಡಿತು. ಎಲ್ಲ ದೋಷವೂ ಇದರಲ್ಲಿ ಸಿಗೋದಿಲ್ಲ, ಹೃದಯದ ಸಣ್ಣ ರಂಧ್ರ ತಪ್ಪಿಸಿಕೊಳ್ಳಬಹುದು. ಆದರೆ ನಾಲ್ಕನೇ ದಿನ ಕೊಲ್ಲುವ ದೋಷಗಳಲ್ಲಿ ಬಹುಪಾಲು ಸಿಕ್ಕಿಬೀಳುತ್ತವೆ.

ಈಗ ಅಸಲು ಪ್ರಶ್ನೆ. ಹಚ್ಚೋರು ಯಾರು? ರಾತ್ರಿ ಹತ್ತಕ್ಕೆ ಹುಟ್ಟಿದ ಮಗುವಿಗೆ 24 ಗಂಟೆ ತುಂಬೋದು ಮರುದಿನ ರಾತ್ರಿ ಹತ್ತಕ್ಕೆ. ಸಣ್ಣ ಆಸ್ಪತ್ರೆಯಲ್ಲಿ ಆ ಹೊತ್ತಿಗೆ ಒಬ್ಬಳೇ ನರ್ಸಮ್ಮ ಇರ್ತಾಳೆ. ಒಳಗೊಂದು ಹೆರಿಗೆ, ಹೊರಗೆ ಬಾಣಂತಿಯರ ವಾರ್ಡು. ಅವಳು ಎಲ್ಲಿಗೆ ಓಡಬೇಕು? ಪಾಳಿ ಬದಲಾದಾಗ ಹೇಳೋರೂ ಇಲ್ಲ, ಬರೆದಿಟ್ಟೋರೂ ಇಲ್ಲ. ಕೂಸಿನ ಆರೈಕೆಯಲ್ಲಿ ಪಳಗಿದವಳನ್ನು ಮೂರು ತಿಂಗಳಿಗೇ ಬೇರೆ ವಾರ್ಡಿಗೆ ಹಾಕಿದರಂತೂ ಕಲಿತದ್ದೆಲ್ಲ ನೀರುಪಾಲು.

ಇದಕ್ಕೆ ಕೋಟಿ ರೂಪಾಯಿ ಬೇಕಿಲ್ಲ ಸ್ವಾಮಿ. 24 ಗಂಟೆ ದಾಟಿದ ಎಲ್ಲ ಕೂಸುಗಳಿಗೂ ಬೆಳಗಿನ ಪಾಳಿಯಲ್ಲೇ ಪರೀಕ್ಷೆ ಆಗಲಿ. ಡಿಸ್ಚಾರ್ಜ್ ಚೀಟಿಯಲ್ಲಿ ಎರಡು ಅಂಕಿ ಬರೆಯಲು ಜಾಗ ಇರಲಿ, ಅದು ಖಾಲಿಯಿದ್ದರೆ ಡಾಕ್ಟರ್ ಸಹಿ ಹಾಕಬಾರದು. ಪಳಗಿದ ನರ್ಸನ್ನು ಕೂಸುಗಳ ಬಳಿಯೇ ಉಳಿಸಿ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸರ್ಕಾರಿ ಆಸ್ಪತ್ರೆಯ ಬಾಣಂತಿಗೆ 48 ಗಂಟೆ ಉಳಿಯಲು, ಕಾಯಿಲೆಯ ಕೂಸಿಗೆ ಉಚಿತ ವಾಹನಕ್ಕೆ ಅವಕಾಶವಿದೆ. 2013ರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಹುಟ್ಟು ಹೃದಯದೋಷವೂ ಇದೆ. ಕಾಗದದಲ್ಲಿ ಎಲ್ಲ ಇದೆ, ಪಾಳಿಯಲ್ಲಿ ಇರಬೇಕು ಅಷ್ಟೆ.

ಅವ್ವಂದಿರೇ, ಅಜ್ಜಿಯರೇ, ನಿಮಗೂ ಒಂದು ಮಾತು. ಬಾಣಂತಿ ಕೋಣೆ ಕತ್ತಲು ಮಾಡ್ತೀರಿ. ಕತ್ತಲಲ್ಲಿ ನಾಲಿಗೆಯ ನೀಲಿ ಕಾಣೋದಿಲ್ಲ. ಕೂಸು ಹಾಲು ಕುಡಿಯುವಾಗ ಬೆವರಿದರೆ, ನಡುನಡುವೆ ಬಿಟ್ಟು ಏದಿದರೆ, ನಿಮಿಷಕ್ಕೆ 60ಕ್ಕೂ ಹೆಚ್ಚು ಉಸಿರಾಡಿದರೆ ನಿವಾಳಿಸುತ್ತ ಕೂರಬೇಡಿ, ಆಸ್ಪತ್ರೆಗೆ ಓಡಿ. ಮನೆಗೆ ಹೊರಡುವ ಮೊದಲು ಒಂದೇ ಪ್ರಶ್ನೆ ಕೇಳಿ: ‘ಸಿಸ್ಟರ್, ನಮ್ಮ ಕೂಸಿನ ಕೈಗೂ ಕಾಲಿಗೂ ಮಿಷನ್ ಹಚ್ಚಿ ನೋಡಿದ್ರಾ?’