ಕತ್ತಲೆಯಿಂದ ಮೂಡಿದ ಮುಖಗಳು

ಅನುವಾದವೆಂದರೆ ಒಂದು ಭಾಷೆಯಿಂದ ಇನ್ನೊಂದಕ್ಕೆ ಬಂದ ಕೃತಿಯೇ ನಮಗೆ ನೆನಪಾಗುತ್ತದೆ. ಬಣ್ಣದ ಚಿತ್ರವನ್ನು ಕಪ್ಪು ಬಿಳುಪಿಗೆ ಅನುವಾದಿಸಿದವರೂ ಇದ್ದರು. ಅವರನ್ನು ಕುರಿತು ನಾನಿಂದು ಕೆಲವು ಮಾತು ಹೇಳಬಯಸುತ್ತೇನೆ.

ಛಾಯಾಗ್ರಹಣವಿಲ್ಲದ 18ನೆಯ ಶತಮಾನದ ಇಂಗ್ಲೆಂಡಿನಲ್ಲಿ ಹೆಸರಾಂತವರ ಮುಖಗಳು ಜನರಿಗೆ ದೊರೆಯುತ್ತಿದ್ದುದು ತಾಮ್ರದ ತಗಡಿನಿಂದ ಅಚ್ಚಾದ ಹಾಳೆಗಳಲ್ಲಿ. ಭಾವಚಿತ್ರಕ್ಕೆ ಬಹಳವಾಗಿ ಒಗ್ಗಿದ ವಿಧಾನವೆಂದರೆ ಮೆಝೊಟಿಂಟ್. ಅರೆಛಾಯೆ ಎಂದು ಅದರ ಅರ್ಥ. 1642ರಲ್ಲಿ ಇದರ ಮೊದಲ ಚಿತ್ರವನ್ನು ಪ್ರಕಟಿಸಿದವನು ಜರ್ಮನಿಯ ಲುಡ್ವಿಗ್ ಫಾನ್ ಸೀಗೆನ್. ಆದರೆ ಕಲೆ ನೆಲೆಯೂರಿದ್ದು ಇಂಗ್ಲೆಂಡಿನಲ್ಲಿ. ಫ್ರೆಂಚರು ಅದನ್ನು 'ಇಂಗ್ಲಿಷ್ ರೀತಿ' ಎಂದೇ ಕರೆದರು.

ಇದರ ಕ್ರಮ ವಿಚಿತ್ರವಾದುದು. ನಾವು ಬಿಳಿಯ ಹಾಳೆಯ ಮೇಲೆ ಕಪ್ಪಿನಿಂದ ಬರೆಯುತ್ತೇವೆ; ಇಲ್ಲಿ ಮೊದಲು ಕತ್ತಲೆಯನ್ನೇ ಸಿದ್ಧಪಡಿಸಬೇಕು. ಬಾಗಿದ ಅಂಚಿನಲ್ಲಿ ನುಣ್ಣನೆಯ ಹಲ್ಲುಗಳುಳ್ಳ ಉಕ್ಕಿನ ಉಪಕರಣವನ್ನು ತೊಟ್ಟಿಲು ತೂಗುವಂತೆ ತೂಗುತ್ತ, ತಗಡಿನ ಮೇಲೆ ಹಲವು ದಿಕ್ಕುಗಳಲ್ಲಿ ನಡೆಸುತ್ತಾರೆ. ತಾಮ್ರದ ಮೈತುಂಬ ಸಣ್ಣ ಮುಳ್ಳುಗಳೇಳುತ್ತವೆ. ಆಗ ಮಸಿ ಬಳಿದು ಒತ್ತಿದರೆ ಹಾಳೆಯೆಲ್ಲ ಮಖಮಲ್ಲಿನಂಥ ಕಪ್ಪು. ಬೆಳಕು ಬೇಕಾದೆಡೆಯಲ್ಲಿ ಮುಳ್ಳುಗಳನ್ನು ಹೆರೆದು, ಹೊಳಪು ಬೇಕಾದೆಡೆಯಲ್ಲಿ ಉಜ್ಜಿ ನುಣುಪುಗೊಳಿಸಿದಂತೆ ಹಣೆ, ಕೆನ್ನೆ, ಕಣ್ಣಿನ ಮಿನುಗು ಒಂದೊಂದಾಗಿ ಮೂಡುತ್ತವೆ. ಒತ್ತಿದಂತೆಲ್ಲ ಮುಳ್ಳು ಸವೆಯುವುದರಿಂದ ಮೊದಮೊದಲ ಪ್ರತಿಗಳಿಗೇ ಹೆಚ್ಚು ಬೆಲೆ.

ಡಬ್ಲಿನ್ನಿನಿಂದ ಲಂಡನ್ನಿಗೆ ಬಂದ ಜೇಮ್ಸ್ ಮ್ಯಾಕಾರ್ಡೆಲ್, ಅವನ ಬಳಿಕ ವ್ಯಾಲೆಂಟೈನ್ ಗ್ರೀನ್, ಜಾನ್ ರಾಫೆಲ್ ಸ್ಮಿತ್ ಇವರು ಈ ಕಲೆಯ ಧುರೀಣರು. ಮ್ಯಾಕಾರ್ಡೆಲ್ 1765ರಲ್ಲಿ, ನಲವತ್ತು ತುಂಬುವ ಮೊದಲೇ ತೀರಿಕೊಂಡ. ಇವನಿಂದ ತಾನು ಅಮರನಾಗುವೆನೆಂದು ಮಹಾ ಚಿತ್ರಕಾರ ಜಾಶುವ ರೆನಾಲ್ಡ್ಸ್ ಹೇಳಿದನೆಂಬ ಮಾತು ಪ್ರಸಿದ್ಧವಾಗಿದೆ. ಅದರಲ್ಲಿ ಅತಿಶಯವಿಲ್ಲ. ರೆನಾಲ್ಡ್ಸನ ಕೆಲವು ಬಣ್ಣಗಳು ಅವನ ಕಾಲದಲ್ಲೇ ಮಾಸತೊಡಗಿದ್ದವು. ಅಚ್ಚಿನ ಕಪ್ಪು ಉಳಿಯಿತು. ಆದರೂ ಚಿತ್ರದಡಿಯಲ್ಲಿ ಎಡಕ್ಕೆ ಬರೆದವನ ಹೆಸರು, ಬಲಕ್ಕೆ ಕೆತ್ತಿದವನ ಹೆಸರು; ನೋಡುವವರು ಓದುವುದು ಬಹುಮಟ್ಟಿಗೆ ಎಡದ್ದನ್ನೇ. ಅನುವಾದಕರ ಪಾಡೂ ಇದೇ ಅಲ್ಲವೆ?

ಮೈಸೂರು ಸೀಮೆಗೂ ಅಚ್ಚಿನ ಚಿತ್ರಕ್ಕೂ ನಂಟುಂಟು. ನಾನಿರುವ ಕತ್ರಿಗುಪ್ಪೆಗೆ ಕೆಲವೇ ಮೈಲಿ ದೂರದ ಬೆಂಗಳೂರು ಕೋಟೆಯನ್ನು 1791ರ ಮಾರ್ಚ್ ತಿಂಗಳಲ್ಲಿ ಕಾರ್ನ್‌ವಾಲಿಸನ ಸೈನ್ಯ ಹಿಡಿಯಿತು. ಆ ಯುದ್ಧದಲ್ಲಿ ಸೈನ್ಯದೊಡನೆ ಸಂಚರಿಸಿದ ಚಿತ್ರಕಾರ ರಾಬರ್ಟ್ ಹೋಮನ ಮೈಸೂರು ದೃಶ್ಯಗಳು 1794ರಲ್ಲಿ ಅಚ್ಚಾಗಿ ಪುಸ್ತಕವಾದವು. ಇಲ್ಲಿಗೆ ಬಾರದವರೂ ನಮ್ಮ ಕೋಟೆಗಳನ್ನು ಅದರಲ್ಲಿ ಕಂಡರು.

ಮುಖಗಳನ್ನು ಬರೆದವನು, ಡಬ್ಲಿನ್ನಿನವನೇ ಆದ ಥಾಮಸ್ ಹಿಕಿ. 1799ರಲ್ಲಿ ಟಿಪ್ಪು ಮಡಿದ ಬಳಿಕ ಅವನು ಟಿಪ್ಪುವಿನ ಮಕ್ಕಳ ಚಿತ್ರಗಳನ್ನು ಬರೆದ. ದಿವಾನ್ ಪೂರ್ಣಯ್ಯನವರದನ್ನೂ ಬರೆದ. ಆ ತೈಲಚಿತ್ರ ಇಂದು ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ಬ್ರಿಟಿಷ್ ಕಲಾಕೇಂದ್ರದಲ್ಲಿದೆ. ಮೂಲಚಿತ್ರ ಒಂದೇ, ಅದನ್ನು ಕಾಣಲು ನಾವೇ ಅಲ್ಲಿಗೆ ಹೋಗಬೇಕು. ಅಚ್ಚಿನ ಚಿತ್ರವಾದರೋ ತಾನೇ ನಮ್ಮ ಮನೆಗೆ ಬರುತ್ತದೆ. ಬಲಗಡೆಯ ಆ ಸಣ್ಣ ಹೆಸರಿಗೆ ನಾವು ತೀರಿಸಬೇಕಾದ ಋಣ ಅದು.